ಮಾಳಿಗೆ ಮನೆಯನ್ನು ಕೆಡವದಿರುವಿಕೆ: ಒಂದು ತಾತ್ವಿಕ ವಿವೇಚನೆ

ಪ್ರಸ್ತುತ ಮಹಾಪ್ರಬಂಧದ ವ್ಯಾಪ್ತಿ ಹಗರಿಬೊಮ್ಮನಹಳ್ಳಿ ಸುತ್ತಲಿನ ಸೀಮೆಯ ಮಣ್ಣಿನ ಮಾಳಿಗೆ ಮನೆಗಳು. ಇವನ್ನು ಸ್ಥಿರಾಸ್ತಿ ಎನ್ನಬಹುದೇ ಎಂಬುದು ಮೊದಲ ಜಿಜ್ಞಾಸೆ. ಹರಪನಹಳ್ಳಿಯ ಹಳೇ ಮನೆ 1997ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ದಾವಣಗೆರೆಗೆ ಹೋಯಿತು, ಮುಂದೆ ಬಳ್ಳಾರಿಗೇ ಮರಳಿತು, 2021ರಲ್ಲಿ ವಿಜಯನಗರ ಸೇರಿತು. ಇಷ್ಟು ತಿರುಗಾಡಿದರೂ ಅದರ ಒಂದು ಜಂತಿಯೂ ಅಲುಗಲಿಲ್ಲ. ಆದ್ದರಿಂದ ಮನೆ ಸ್ಥಿರ, ಜಿಲ್ಲೆ ಚರ.

ಪೂರ್ವಸೂರಿಗಳಲ್ಲಿ ಅಗ್ರಗಣ್ಯರು ಶಿಶುನಾಳ ಷರೀಫರು. ಸೋರುವ ಮಾಳಿಗೆಯ ತೊಲೆ, ಜಂತಿ, ಕೀಲುಗಳನ್ನು ಒಂದೊಂದಾಗಿ ತಪಾಸಣೆ ಮಾಡಿ, ಸೋರಿಕೆಗೆ ಕಾರಣ ಅಜ್ಞಾನ ಎಂದು ವರದಿ ಕೊಟ್ಟವರು ಅವರು. ಇಡೀ ವರದಿಯಲ್ಲಿ ಮನೆ ಕೆಡವಿರೆಂಬ ಶಿಫಾರಸು ಎಲ್ಲೂ ಇಲ್ಲ. ನಂತರದ ಇಂಜಿನಿಯರುಗಳು ಇದನ್ನು ಗಮನಿಸಿದಂತಿಲ್ಲ.

ಇನ್ನು ಪೂರ್ವಪಕ್ಷ. ಅದನ್ನು ಮಂಡಿಸುವವನು ಸಾಮಾನ್ಯವಾಗಿ ಮನೆಯ ಹಿರಿಮಗ: “ಯಪ್ಪಾ, ಹೆಣ್ಣು ಕೊಡೋರು ಮೊದ್ಲು ಮಾಳಿಗಿ ನೋಡ್ತಾರ. ಆರ್‌ಸಿಸಿ ಹಾಕ್ಸೋಣು.” ನೈಯಾಯಿಕರು ನಾಲ್ಕೇ ಪ್ರಮಾಣಗಳನ್ನು ಹೇಳಿದರು, ಐದನೆಯದಾದ ಈ ಕನ್ಯಾಪ್ರಮಾಣ ಅವರಿಗೆ ಹೊಳೆಯಲಿಲ್ಲ. ಇದನ್ನು ಖಂಡಿಸುವ ಶಕ್ತಿ ಯಾವ ತಂದೆಗೂ ಇಲ್ಲ. ಪ್ರತ್ಯಕ್ಷ ಪ್ರಮಾಣವಾದರೋ ಬೇರೆಯೇ ಹೇಳುತ್ತದೆ. ಏಪ್ರಿಲ್ ಮಧ್ಯಾಹ್ನ ಆರ್‌ಸಿಸಿ ಮನೆಯ ಯಜಮಾನ ಉಂಡು ಬಂದು ಅಡ್ಡಾಗುವುದು ಎದುರಿನ ಮಾಳಿಗೆ ಮನೆಯ ಪಡಸಾಲೆಯಲ್ಲಿ.

ಸಿದ್ಧಾಂತವು ಮಣ್ಣಿನಲ್ಲಿದೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಸಣ್ಣ ಕಟ್ಟಿಗೆ, ಸೊಪ್ಪು, ಮಣ್ಣು. ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಬೆಳೆ ಬಾರದ ಹೊಲದ ಈ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ಮಳೆ ಬಿದ್ದಾಗ ಇದರ ಜೇಡಿ ಕಣಗಳು ಉಬ್ಬಿ, ಬಿಡಿಬಿಡಿಯಾಗಿ ಚದುರಿ, ಸಂದಿಗಳನ್ನು ಮುಚ್ಚುತ್ತವೆ. ನೀರು ಕೆಳಗಿಳಿಯದೆ ಹರಿದುಹೋಗುತ್ತದೆ. ಹೊಲಕ್ಕೆ ಶಾಪವಾದದ್ದು ಮಾಳಿಗೆಗೆ ವರ. ಮುಂಗಾರಿಗೆ ಮುಂಚೆ ಕೆಲವು ಬುಟ್ಟಿ ಚೌಳು ಹೊರಿಸಿ ಹರವಿ ದಮ್ಮಸು ಮಾಡುವುದು, ಹುಲ್ಲು ಕೀಳುವುದು, ಗೆದ್ದಲು ಹಿಡಿದ ಜಂತಿಯೊಂದನ್ನೇ ಬದಲಿಸುವುದು: ಜೀರ್ಣೋದ್ಧಾರ ಶಾಸ್ತ್ರ ಮುಗಿಯಿತು. ಇಷ್ಟು ಸರಳವಾದ್ದರಿಂದಲೇ ಇದಕ್ಕೆ ಟೆಂಡರು ಕರೆಯಲಾಗದು.

ಸರ್ಕಾರದ ಮೀಮಾಂಸೆ ಬೇರೆ. 2016ರ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಪ್ರಕಾರ ಬಯಲುಸೀಮೆಯಲ್ಲಿ ಕನಿಷ್ಠ 25 ಚದರ ಮೀಟರಿನ ಪಕ್ಕಾ ಮನೆ ಕಟ್ಟಿದರೆ 1.20 ಲಕ್ಷ ರೂಪಾಯಿ. ಅಜ್ಜನ ಮಾಳಿಗೆಗೆ ಮಣ್ಣು ಹಾಕಿಸಿದರೆ ಸೊನ್ನೆ. ಎರಡಡಿ ದಪ್ಪದ ಗೋಡೆ ಕಚ್ಚಾ, ಅಂಗೈ ದಪ್ಪದ ಸ್ಲ್ಯಾಬು ಪಕ್ಕಾ. ಇದಕ್ಕೆ ಭಾಷ್ಯ ಬರೆಯುವ ಯೋಗ್ಯತೆ ಈ ಲೇಖಕನಿಗಿಲ್ಲ.

ಉಪಸಂಹಾರದ ಬದಲು ತೀರ್ಪು. ಗೋಡೆ ವಾಲಿದ್ದರೆ, ತೊಲೆಯೇ ಸೀಳಿದ್ದರೆ ಕೆಡವಿ. ಜೀವಕ್ಕಿಂತ ಶಾಸ್ತ್ರ ದೊಡ್ಡದಲ್ಲ. ಬರೀ ಸೋರುತ್ತಿದ್ದರೆ ಜೆಸಿಬಿಯವನಿಗೆ ಫೋನು ಮಾಡುವ ಮೊದಲು ಏಣಿ ಹಾಕಿ ಮಾಳಿಗೆ ಹತ್ತಿ ನೋಡಿ. ಕೆತ್ತನೆಯ ಕಂಬಕ್ಕೆ ದರ ಕೇಳಿಕೊಂಡು ಬರುವ ಪೇಟೆಯವರಿಗೆ ಚಹಾ ಕೊಟ್ಟು ಕಳಿಸಿ, ಕಂಬ ಕೊಡಬೇಡಿ.