‘ಮಳೆ ಬಂದ್ರೆ ನನ್ನನ್ನೇ ಬೈತೀರಲ್ಲ, ಸ್ವಾಮಿ!’

ಪುಣಜನೂರು ಚೆಕ್‌ಪೋಸ್ಟಿನಲ್ಲಿ ಲಾರಿಗಳು ಸಾಲುಗಟ್ಟಿದ್ದವು. ಮುಂದೆ ಹಾಸನೂರು, ದಿಂಬಂ ಘಾಟಿ. ಜೋರು ಮಳೆ. ಟೀ ಅಂಗಡಿಯ ಟೀವಿಯಲ್ಲಿ ಸೊಸೆಗೆ ಬೈಯಲು ಬಾಯಿ ತೆರೆದ ಅತ್ತೆ ತೆರೆದಂತೆಯೇ ನಿಂತಳು, ಆಮೇಲೆ ಮಾಯವಾದಳು. ‘ಸಿಗ್ನಲ್ ಇಲ್ಲ.’ ಅಂಗಡಿಯವರು ಶಾಪ ಹಾಕಿದ್ದು ಯಾರಿಗೆಂದು ವರದಿಗಾರ ಕತ್ತೆತ್ತಿ ನೋಡಿದ. ಸೂರಿನ ಮೇಲಿನ ಛತ್ರಿಯಲ್ಲಿ ಮುದುಡಿ ಕೂತಿದ್ದವರು ಕೆಯು ಬ್ಯಾಂಡ್. ಹುದ್ದೆ, ಮೈಕ್ರೋವೇವ್ ಅಲೆ. ವ್ಯಾಪ್ತಿ, ಸುಮಾರು 12ರಿಂದ 18 ಗಿಗಾಹರ್ಟ್ಸ್.

‘ಮಳೆ ಕಂಡ್ರೆ ಯಾಕೆ ಓಡಿಹೋಗ್ತೀರಿ?’

‘ಓಡೋದೆಲ್ಲಿಗೆ ಸ್ವಾಮಿ? ನನ್ನ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್. ದಪ್ಪ ಹನಿ ಒಂದಿಷ್ಟು ನುಂಗುತ್ತೆ, ಒಂದಿಷ್ಟು ದಿಕ್ಕಾಪಾಲು ಚೆಲ್ಲುತ್ತೆ. ನಮ್ಮಣ್ಣ ಸಿ ಬ್ಯಾಂಡ್‌ಗೆ ಮಳೆ ಲೆಕ್ಕಕ್ಕಿಲ್ಲ. ಆದ್ರೆ ಅವನಿಗೆ ಅಂಗಳ ತುಂಬುವಂಥ ಛತ್ರಿ ಬೇಕು. ನನಗೆ ಎರಡಡಿ ಸಾಕು. ಅಗ್ಗ ಅಂತ ಕರೆಸಿಕೊಂಡವರು ನೀವೇ.’

ಮನೆಯವರ ವಿಚಾರ ಕೇಳಿದ್ದೇ ತಡ, ಮಾತು ಹರಿಯಿತು. ಎಲ್ ಬ್ಯಾಂಡ್ ಜಿಪಿಎಸ್‌ನಲ್ಲಿದ್ದು ಲಾರಿಗಳಿಗೆ ದಾರಿ ತೋರಿಸುತ್ತಾನಂತೆ. ಎಸ್ ಬ್ಯಾಂಡ್ 2.45 ಗಿಗಾಹರ್ಟ್ಸ್‌ನಲ್ಲಿ ಬೇಕರಿಯ ಪಫ್ಸ್ ಬಿಸಿ ಮಾಡುತ್ತ, ಪಕ್ಕದಲ್ಲೇ ವೈಫೈಯನ್ನೂ ಹಂಚುತ್ತಾನೆ. ಕೆ ಬ್ಯಾಂಡಿನದು ಮನೆ ಪಾಲಾದ ಕತೆ: ನಡುಮನೆಯಲ್ಲಿ, 22 ಗಿಗಾಹರ್ಟ್ಸ್ ಸುತ್ತ, ಗಾಳಿಯ ನೀರಾವಿ ಅಲೆಯನ್ನು ಹೀರಿಬಿಡುತ್ತದೆ. ಹಾಗಾಗಿ ಕೆಯು ಕೆಳಗೆ, ಕೆಎ ಮೇಲೆ.

‘ಈ ಜಿಲ್ಲೆಗೆ ನಿಮ್ಮಿಂದೇನು ಉಪಕಾರ?’

ಕೆಯು ಬ್ಯಾಂಡ್ ಸೆಟೆದು ಕೂತರು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಎಜುಸ್ಯಾಟ್ ಹಾರಿತಲ್ಲ, ಅದರಿಂದ ಪ್ರಾಥಮಿಕ ಶಾಲೆಗೆ ಪಾಠ ಇಳಿಸುವ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿದ್ದು ಬೆಂಗಳೂರನ್ನಲ್ಲ, ಚಾಮರಾಜನಗರವನ್ನು. ಎಂಟುನೂರಕ್ಕೂ ಹೆಚ್ಚು ಶಾಲೆಗಳ ಛತ್ರಿಗಳು ದಕ್ಷಿಣದ ಆಕಾಶ ನೋಡತೊಡಗಿದವು.

‘36,000 ಕಿಲೋಮೀಟರನ್ನು ಸೆಕೆಂಡಿನ ಎಂಟನೇ ಒಂದು ಪಾಲಿನಲ್ಲಿ ದಾಟಿ ಬರ್ತಿದ್ದೆ. ಗೋಡೆಯ ಸ್ವಿಚ್ಚಿಗೆ ಕರೆಂಟ್ ತರೋದು ಮಾತ್ರ ನನ್ನ ಇಲಾಖೆ ಅಲ್ಲ.’ 2010ರಲ್ಲಿ ಆ ಉಪಗ್ರಹವೂ ನಿವೃತ್ತಿಯಾಯಿತು.

‘ಇಲ್ಲಿನ ಕಾಡೊಳಗೆ ಮೊಬೈಲ್ ಸಿಗಲ್ವಲ್ಲ?’

‘ಅವರು ಟವರಿನಿಂದ ಅಡ್ಡಡ್ಡ ಬರೋರು, ಬೆಟ್ಟ ತಡೆಯುತ್ತೆ. ನಾನು ಬಹುತೇಕ ನೆತ್ತಿಯ ಮೇಲಿಂದ ಇಳಿಯೋನು.’

ಅಷ್ಟರಲ್ಲಿ ಅಂಗಡಿಯ ಹುಡುಗ ಏಣಿ ತಂದ. ಕೆಯು ಬ್ಯಾಂಡ್ ಗಾಬರಿಯಾಗಿ ಕೂಗಿದರು: ‘ಓದುಗರಿಗೆ ದೊಡ್ಡಕ್ಷರದಲ್ಲಿ ಹಾಕಿ ಸ್ವಾಮಿ! ಮಳೆಯಲ್ಲಿ ಛತ್ರಿ ತಿರುಗಿಸಬೇಡಿ. ಮಳೆ ಬಿಟ್ಟ ಮೇಲೆ ನಾನು ಬಿಟ್ಟಿಯಾಗಿ ವಾಪಸ್ ಬರ್ತೀನಿ; ತಿರುಗಿದ ಛತ್ರಿ ಸರಿಮಾಡೋಕೆ ಬರೋನು ಇನ್ನೂರು ಕೇಳ್ತಾನೆ.’