ಕಡೇ ಸೀಸನ್ನಿನ ಎಲ್ಕಣ್ಣ

ಡೆನ್ವರಿನಲ್ಲಿ ನವೆಂಬರ್ ಬಂತೆಂದರೆ ಪ್ರತಿ ಆಫೀಸಿನ ಪಾರ್ಕಿಂಗಿನಲ್ಲೂ ಒಂದು ಪಿಕಪ್ ಟ್ರಕ್ ತೊಳೆಯದೆ ನಿಂತಿರುತ್ತದೆ. ಕೆಸರು ಕಿಟಕಿಯವರೆಗೂ ಹಾರಿ ಒಣಗಿರುತ್ತದೆ. ಮುಂದಿನ ಗಾಜಿನ ಹಿಂದೆ ಕಣ್ಣು ಚುಚ್ಚುವ ಕಿತ್ತಳೆ ಬಣ್ಣದ ಟೋಪಿ, ಒಂದು ಬೈನಾಕ್ಯುಲರ್, ಅರ್ಧ ತಿಂದ ಜರ್ಕಿ ಪೊಟ್ಟಣ. ಅದರ ಒಡೆಯ ಒಳಗೆ ಕೂತು ವಿಮೆ ಕಂಪನಿಯ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತಿರುತ್ತಾನೆ. ವರ್ಷದ ಹನ್ನೊಂದು ತಿಂಗಳು ಸಂಭಾವಿತ. ಹನ್ನೆರಡನೆಯದು ಬಂದಾಗ ಗಡ್ಡ ಬಿಡುತ್ತಾನೆ, ಮೀಟಿಂಗಿನಲ್ಲಿ ಮಧ್ಯೆ ಮಧ್ಯೆ ಎದ್ದು ಹೋಗಿ ಕಿಟಕಿಯಿಂದ ಪಡುವಣ ಬೆಟ್ಟಗಳ ಮೇಲಿನ ಮೋಡ ನೋಡುತ್ತಾನೆ. ಇಲ್ಲಿರುವ ನಾವು ಕನ್ನಡದವರು ಅವನಿಗೆ ಎಲ್ಕಣ್ಣ ಅಂತ ಹೆಸರಿಟ್ಟಿದ್ದೇವೆ. ಒಬ್ಬನೇ ಮನುಷ್ಯನ ಹೆಸರು ಅಂದುಕೊಳ್ಳಬೇಡಿ. ಕೆಲಸ ಬಿಟ್ಟು ಬೇರೆ ಆಫೀಸಿಗೆ ಸೇರಿ, ಅಲ್ಲೂ ಒಬ್ಬ ಎಲ್ಕಣ್ಣ ನಿಮಗಿಂತ ಮುಂಚೆ ಬಂದು ಕೂತಿರುತ್ತಾನೆ.

ಎಲ್ಕ್ ಎಂದರೆ ನಮ್ಮ ಕಡವೆಯ ನೆಂಟ. ಬೆಳೆದ ಗಂಡು ಮುನ್ನೂರು ಕೆಜಿ ತೂಗುತ್ತದೆ. ಡೆನ್ವರ್ ಇರುವ ಕೊಲೊರಾಡೊದಲ್ಲಿ ಇವು ಎರಡೂವರೆ ಲಕ್ಷಕ್ಕೂ ಮಿಕ್ಕಿ ಇವೆ, ಅಮೆರಿಕದ ಇನ್ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಸರ್ಕಾರವೇ ಲೈಸೆನ್ಸ್ ಕೊಟ್ಟು ಬೇಟೆಗೆ ಬಿಡುತ್ತದೆ. ಸೆಪ್ಟೆಂಬರಿನಲ್ಲಿ ಬಿಲ್ಲುಬಾಣದವರು, ಅಕ್ಟೋಬರ್ ಮಧ್ಯದಿಂದ ಕೋವಿಯವರಿಗೆ ನಾಲ್ಕು ಕಂತು. ನಾಲ್ಕನೆಯದು ನವೆಂಬರ್ ಮೂರನೇ ವಾರದ ಆಸುಪಾಸಿನಲ್ಲಿ ಬರುವ ಐದೇ ದಿನ. ಹೊತ್ತಿಗೆ ಮುಂಚೆ ಕತ್ತಲಾಗಿ, ಬಾಟಲಿಯ ನೀರು ಹೆಪ್ಪುಗಟ್ಟಿ, ಬುದ್ಧಿ ನೆಟ್ಟಗಿರುವವರೆಲ್ಲ ಮನೆ ಸೇರಿದ ಮೇಲೆ ಎಲ್ಕಣ್ಣ ಹೊರಡುತ್ತಾನೆ. ಹೋಗುವುದು ಸರ್ಕಾರಿ ಜಮೀನಿಗೆ, ಹುಡುಕುವುದು ಗಂಡನ್ನು. ಹೆಣ್ಣಿನ ಲೈಸೆನ್ಸು ಸಿಗುತ್ತದೆ, ಹೆಣ್ಣುಗಳು ಹಿಂಡಾಗಿ ಕಣ್ಣಿಗೂ ಬೀಳುತ್ತವೆ. ಅಷ್ಟು ಸುಲಭದ್ದು ಅವನಿಗೆ ಒಗ್ಗುವುದಿಲ್ಲ.

ಸೆಪ್ಟೆಂಬರಿನವರನ್ನು ಕಂಡರೆ ಅವನಿಗೆ ಒಳಗೊಳಗೇ ತಾತ್ಸಾರ. ಆಗ ಎಲ್ಕ್‌ಗಳಿಗೆ ಬೆದೆಯ ಕಾಲ. ಗಂಡು ಬೆಟ್ಟ ಮೊಳಗುವಂತೆ ಕೂಗಿ ತನ್ನ ವಿಳಾಸ ತಾನೇ ಹೇಳಿಕೊಳ್ಳುತ್ತದೆ. "ಕರೆದ ಕಡೆ ಹೋಗಿ ಹೊಡೆಯುವುದೂ ಒಂದು ಬೇಟೆಯೇ?" ಅನ್ನುತ್ತಾನೆ. ನವೆಂಬರಿನ ಗಂಡೇ ಬೇರೆ. ವಾರಗಟ್ಟಲೆ ಹೆಣ್ಣುಗಳನ್ನು ಕಾದು, ಇತರ ಗಂಡುಗಳ ಜೊತೆ ಕೊಂಬು ಸೆಣಸಿ, ಮೇವು ಮರೆತು ಸೊರಗಿರುತ್ತದೆ. ಮಗಳ ಮದುವೆ ಮುಗಿಸಿದ ಅಪ್ಪನ ಹಾಗೆ ಅದಕ್ಕೀಗ ಯಾರ ಮುಖವೂ ಬೇಡ, ಯಾರ ಮಾತೂ ಬೇಡ, ಹೊಟ್ಟೆಗಿಷ್ಟು ಬಿದ್ದು ಒಂದು ಮೂಲೆಯಲ್ಲಿ ಮಲಗಿದರೆ ಸಾಕು. ಮನುಷ್ಯ ಇಳಿಯಲು ಹೆದರುವ ಕಡಿದಾದ ಕಣಿವೆ, ನಡು ಹಗಲಲ್ಲೂ ಕತ್ತಲಿರುವ ಸ್ಪ್ರೂಸ್ ಮರಗಳ ದಟ್ಟಣೆ, ಪಕ್ಕದಲ್ಲೇ ಅಂಗೈಯಗಲದ ಹುಲ್ಲು. ಹೆಣ್ಣುಗಳು ಹಿಮಕ್ಕೆ ಅಂಜಿ ಕೆಳಗಿಳಿದರೂ ಇದು ಜಪ್ಪಯ್ಯ ಅಂದರೂ ಕದಲುವುದಿಲ್ಲ, ಸದ್ದೂ ಮಾಡುವುದಿಲ್ಲ. ಇಂಥ ಮೌನವ್ರತದ ಪ್ರಾಣಿಯನ್ನು ಹುಡುಕಲು ಹೋಗುವವನು ಮಾತ್ರ ಆಫೀಸಿನಲ್ಲೇ ಅತಿ ದೊಡ್ಡ ಬಾಯಿಬಡುಕ.

ಅವನ ಮಾತಿನ ಮೊದಲ ಅಧ್ಯಾಯ ಜಮೀನು. ಬಾಡಿಗೆ ಮನೆಯಲ್ಲಿದ್ದಾನೆ. ಆದರೆ ಕೇಂದ್ರ ಸರ್ಕಾರದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟಿನ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ಇದೆ, ಫಾರೆಸ್ಟ್ ಸರ್ವಿಸ್ ಹತ್ತಿರ 19 ಕೋಟಿ ಎಕರೆಗೂ ಮೇಲೆ ಇದೆ, ಪ್ರಜೆಯಾದ್ದರಿಂದ ಅಷ್ಟೂ ತನ್ನದೇ ಎಂದು ಎದೆ ತಟ್ಟಿ ಹೇಳುತ್ತಾನೆ. ಪಹಣಿ ತೋರಿಸು ಅಂದರೆ ಮೊಬೈಲ್ ತೆಗೆಯುತ್ತಾನೆ. ಯಾವ ತುಂಡು ಸರ್ಕಾರದ್ದು, ಯಾವುದು ಯಾವ ರ‍್ಯಾಂಚಿನ ಸಾಹುಕಾರನದ್ದು ಅಂತ ಬಣ್ಣ ಹಚ್ಚಿ ತೋರಿಸುವ ಆ್ಯಪ್ ಅದರಲ್ಲಿದೆ. ಊರಿನಲ್ಲಿ ಸರ್ವೆಯವನನ್ನು ಕರೆಸಲು ಮೂರು ವರ್ಷ ಅಲೆದ ನನ್ನ ಮಾವನವರು ಇಲ್ಲಿಗೆ ಬಂದಿದ್ದಾಗ ಅದನ್ನು ನೋಡಿ ಕಣ್ಣು ಒರೆಸಿಕೊಂಡರು.

ಮಾವನವರಿಗೂ ಎಲ್ಕಣ್ಣನಿಗೂ ಭಾಷೆಯ ಹಂಗಿಲ್ಲದೆ ಸ್ನೇಹ ಕುದುರಿದ್ದು ಬದುವಿನ ವಿಷಯದಲ್ಲಿ. ಪಕ್ಕದ ವಯೋಮಿಂಗ್ ರಾಜ್ಯದ ಕೆಲವೆಡೆ 1860ರ ದಶಕದ ರೈಲ್ವೆ ಕಾಲದಿಂದ ಜಮೀನು ಒಂದೊಂದು ಚದರ ಮೈಲಿಯ ಚೌಕಗಳಾಗಿ ಹಂಚಿಹೋಗಿದೆ, ಒಂದು ಚೌಕ ಖಾಸಗಿ, ಒಂದು ಸರ್ಕಾರದ್ದು. ಸರ್ಕಾರಿ ಚೌಕಗಳು ಒಂದಕ್ಕೊಂದು ತಾಗುವುದು ಮೂಲೆಯಲ್ಲಿ ಮಾತ್ರ. ಮೂಲೆ ದಾಟುವಾಗ ಪಕ್ಕದ ಖಾಸಗಿ ಚೌಕದ ಮೇಲಿನ ಗಾಳಿಗೆ ಭುಜ ತಾಗಿದರೆ ಅದು ಅತಿಕ್ರಮಣವೇ? 2021ರಲ್ಲಿ ಮಿಸ್ಸೂರಿಯ ನಾಲ್ವರು ಎಲ್ಕಣ್ಣಂದಿರು ಎಲ್ಕ್ ಮೌಂಟನ್ ಎಂಬಲ್ಲಿ ಮೂಲೆಯ ಮೇಲೆ ಒಂದು ಕಬ್ಬಿಣದ ಏಣಿ ಇಟ್ಟು, ಈ ಕಡೆಯಿಂದ ಹತ್ತಿ ಆ ಕಡೆ ಇಳಿದರು. ಖಾಸಗಿ ನೆಲಕ್ಕೆ ಕಾಲು ಸೋಕಲಿಲ್ಲ. ಜಮೀನಿನ ಒಡೆಯ ಲಕ್ಷಾಂತರ ಡಾಲರಿನ ನಷ್ಟದ ಲೆಕ್ಕ ಹಿಡಿದು ಕೋರ್ಟಿಗೆ ಹೋದ. ಕೇಸು ಮೇಲೇರಿ ನಮ್ಮ ಡೆನ್ವರಿನಲ್ಲೇ ಇರುವ ಹತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯಕ್ಕೆ ಬಂದು, 2025ರ ಮಾರ್ಚಿನಲ್ಲಿ, 1885ರ ಒಂದು ಬೇಲಿ ಕಾಯ್ದೆಯ ಆಧಾರದ ಮೇಲೆ ಬೇಟೆಗಾರರ ಪರ ತೀರ್ಪಾಯಿತು. ಅದೇ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕೇಸನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಎಲ್ಕಣ್ಣ ಅವತ್ತು ಇಡೀ ಆಫೀಸಿಗೆ ಡೋನಟ್ ಹಂಚಿದ. ಮರುದಿನ ಒಂದು ಮಡಿಸುವ ಏಣಿ ಕೊಂಡ. ಅವನು ಹೋಗುವ ಕಾಡಿನಲ್ಲಿ ದಾಟುವಂಥ ಮೂಲೆ ಒಂದೂ ಇಲ್ಲ.

ಸಾಮಾನಿನ ವಿಷಯದಲ್ಲಿ ಅವನು ಗ್ರಾಮ್ ಲೆಕ್ಕದವನು. ಭಾರ ಕಡಿಮೆ ಮಾಡಲು ಟೂತ್‌ಬ್ರಷ್ಷಿನ ಹಿಡಿ ಕತ್ತರಿಸುತ್ತಾನೆ, ನಕ್ಷೆಯ ಅಂಚು ಕತ್ತರಿಸುತ್ತಾನೆ, ಮಾಮೂಲಿ ಚಮಚದ ಬದಲು ಟೈಟಾನಿಯಂ ಚಮಚ ತರುತ್ತಾನೆ. ಆಮೇಲೆ ಅದೇ ಬೆನ್ನುಚೀಲಕ್ಕೆ ದೂರದರ್ಶಕ, ಅದಕ್ಕೊಂದು ಮುಕ್ಕಾಲಿ, ದೂರ ಅಳೆಯುವ ಯಂತ್ರ, ಗಾಳಿ ಯಾವ ಕಡೆಗಿದೆ ಅಂತ ನೋಡಲು ಪುಡಿ ಉಗುಳುವ ಪುಟ್ಟ ಬಾಟಲಿ ತುರುಕುತ್ತಾನೆ. ತೋಟಾ ಯಾವುದಿರಬೇಕು ಎಂಬ ಚರ್ಚೆಯನ್ನು ಮಾತ್ರ ಅವನ ಎದುರು ಎತ್ತಬೇಡಿ. ಅವನ ಭಾವಮೈದುನ 6.5 ಕ್ರೀಡ್‌ಮೋರ್ ಪಂಗಡದವನು, ಇವನು .300 ವಿನ್ ಮ್ಯಾಗ್ ಸಂಪ್ರದಾಯದವನು. ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಇಬ್ಬರನ್ನೂ ಮೇಜಿನ ಎರಡು ತುದಿಗೆ ಕೂರಿಸುತ್ತಾರಂತೆ.

ಎಲ್ಕಣ್ಣನ ನಿಜವಾದ ಪಾಂಡಿತ್ಯ ಇರುವುದು ಎಲ್ಕ್ ಯಾಕೆ ಸಿಗಲಿಲ್ಲ ಎನ್ನುವುದರಲ್ಲಿ. ಇಲ್ಲಿ ಲೈಸೆನ್ಸ್ ತೆಗೆದ ಐವರಲ್ಲಿ ನಾಲ್ವರು ಬರಿಗೈಯಲ್ಲಿ ಬರುವುದು ವಾಡಿಕೆ. ಆ ನಾಲ್ವರಲ್ಲಿ ಇವನು ಖಾಯಂ ಸದಸ್ಯ. ಹಿಮ ಬೀಳದಿದ್ದರೆ ಎಲ್ಕ್ ಇನ್ನೂ ಮೇಲೆಯೇ ಇದ್ದವು. ವಿಪರೀತ ಬಿದ್ದರೆ ಅಷ್ಟರಲ್ಲೇ ಇಳಿದು ಖಾಸಗಿ ರ‍್ಯಾಂಚಿನ ಹುಲ್ಲಿಗೆ ಸೇರಿಬಿಟ್ಟಿದ್ದವು. ಬೇಕಾದಷ್ಟೇ ಹಿಮ ಬಿದ್ದರೆ ಅದು ಸೀಸನ್ ಮುಗಿದ ಮರುದಿನ ಬಿತ್ತು. ಬೆಳಿಗ್ಗೆ ತಣ್ಣನೆ ಗಾಳಿ ಇಳಿಜಾರಿನ ಕೆಳಕ್ಕೆ ಹರಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ ತಿರುಗುತ್ತದೆ. ಇದನ್ನು ಅರಿತು ಅವನು ಮೇಲಿನಿಂದ ಬಂದ ದಿನ ಗಾಳಿ ಮಾತ್ರ ಭೌತಶಾಸ್ತ್ರ ಓದಿರಲಿಲ್ಲ. ಈ ಕಾರಣಗಳನ್ನು ಅವನು ಎಂಥ ಶ್ರದ್ಧೆಯಿಂದ ವಿವರಿಸುತ್ತಾನೆಂದರೆ, ಕೇಳುತ್ತಿದ್ದವರಿಗೆ ಎಲ್ಕ್ ಸಿಕ್ಕಿದ್ದರೆ ಅದೇ ಒಂದು ಅಪಚಾರವಾಗುತ್ತಿತ್ತು ಅನ್ನಿಸಬೇಕು.

ಈ ಪಾಂಡಿತ್ಯಕ್ಕೆ ತಣ್ಣೀರು ಎರಚುವುದು ಅವನ ಹೆಂಡತಿ. ಇವನು ಬೆಟ್ಟದಲ್ಲಿ ನಡುಗುತ್ತಿರುವಾಗ ಆಕೆ ಮಕ್ಕಳನ್ನು ಕರೆದುಕೊಂಡು ಎಸ್ಟೆಸ್ ಪಾರ್ಕ್ ಎಂಬ ಊರಿಗೆ ಹೋಗಿ ಬಿಸಿ ಚಾಕೊಲೇಟ್ ಕುಡಿಯುತ್ತಾಳೆ. ನೂರು ಚಿಲ್ಲರೆ ವರ್ಷದ ಹಿಂದೆ ಆ ಸೀಮೆಯ ಎಲ್ಕ್‌ಗಳನ್ನೆಲ್ಲ ಹೊಡೆದು ತಿಂದು ಮುಗಿಸಿದ್ದರಿಂದ 1913-14ರಲ್ಲಿ ಯೆಲ್ಲೊಸ್ಟೋನ್ ಕಡೆಯಿಂದ ಹಿಡಿದು ತಂದು ಬಿಟ್ಟರು. ಅವುಗಳ ಸಂತತಿ ಈಗ ಊರಿನ ಗಾಲ್ಫ್ ಮೈದಾನದಲ್ಲಿ ಮೆಲುಕು ಹಾಕುತ್ತ ಬಿದ್ದಿರುತ್ತದೆ. ಪಕ್ಕದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನಲ್ಲಿ ಬೇಟೆ ನಿಷಿದ್ಧ, ಗಾಲ್ಫ್ ಮೈದಾನದಲ್ಲಿ ಕೋವಿ ಹಿಡಿದವನನ್ನು ಪೊಲೀಸರೇ ಬೇಟೆಯಾಡುತ್ತಾರೆ. ಆಕೆ ಫೋಟೊ ಕಳಿಸುತ್ತಾಳೆ: ಬಾವುಟದ ಕೋಲಿನ ಪಕ್ಕ ಕಾಲು ಚಾಚಿದ ಗಂಡು. ಎಲ್ಕಣ್ಣ ಅದನ್ನು ಬೆರಳಿನಿಂದ ಹಿಗ್ಗಿಸಿ ಕೊಂಬಿನ ಕವಲು ಎಣಿಸುತ್ತಾನೆ. ಆರು. "ಅದು ಪುರಸಭೆಯ ಎಲ್ಕ್, ಲೆಕ್ಕಕ್ಕಿಲ್ಲ" ಅನ್ನುತ್ತಾನೆ.

ಎಣಿಸುವುದು ಚಟವಲ್ಲ, ಕಾನೂನು. ಬಹಳಷ್ಟು ವಲಯಗಳಲ್ಲಿ ಒಂದು ಕೊಂಬಿನಲ್ಲಾದರೂ ನಾಲ್ಕು ಕವಲಿರಬೇಕು, ಇಲ್ಲವೇ ಹಣೆಯ ಹತ್ತಿರದ ಕವಲು ಐದು ಇಂಚು ಇರಬೇಕು. ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೆ ಅವಕಾಶ. ಆ ಅರ್ಧ ಗಂಟೆಯಲ್ಲೇ ಗಂಡು ಹೊರಬರುವುದು, ಬಂದದ್ದು ಮರದ ಹಿಂದೆಯೇ ತಲೆ ಇಟ್ಟು ನಿಲ್ಲುವುದು. ಒಂದು, ಎರಡು, ಮೂರು... ಮೂರನೆಯದು ಕೊಂಬೋ ಕೊಂಬೆಯೋ? ಅಷ್ಟರಲ್ಲಿ ಗಡಿಯಾರ ಕೈ ಎತ್ತುತ್ತದೆ. ಇದರ ಮೇಲೆ ಇವನು ಎಲ್ಲರಿಗೂ ಕಾಣಬೇಕು, ಅದೂ ಕಾನೂನೇ: ಸೊಂಟದ ಮೇಲೆ 500 ಚದರ ಇಂಚು ಉರಿಗಿತ್ತಳೆ ಬಟ್ಟೆ, ತಲೆಗೆ ಟೋಪಿ. 2016ರಿಂದ ಕಡುಗುಲಾಬಿಯೂ ನಡೆಯುತ್ತದೆ. ಎಲ್ಕ್‌ಗೆ ಈ ಬಣ್ಣಗಳು ನಮಗೆ ಕಂಡಂತೆ ಕಾಣುವುದಿಲ್ಲ, ಕಂಡಿದ್ದರೆ ನಗುತ್ತಾದರೂ ಸದ್ದು ಮಾಡುತ್ತಿತ್ತು. ಲೈಸೆನ್ಸಿನ ಹಣದಲ್ಲಿ 25 ಸೆಂಟ್ ಕಾಡಿನಲ್ಲಿ ಕಳೆದುಹೋದವರನ್ನು ಹುಡುಕುವ ನಿಧಿಗೆ ಹೋಗುತ್ತದೆ. ಇಡೀ ಖರ್ಚಿನಲ್ಲಿ ಅವನ ಹೆಂಡತಿ ತಕರಾರಿಲ್ಲದೆ ಒಪ್ಪುವುದು ಆ 25 ಸೆಂಟನ್ನು.

ಇಂಥವನಿಗೂ ಒಮ್ಮೆ ಕಷ್ಟ ಬಂತು. ಗಂಡು ಎಲ್ಕ್ ಸಿಕ್ಕಿಬಿಟ್ಟಿತು.

ಜಾಗ ವೈಟ್ ರಿವರ್ ನ್ಯಾಷನಲ್ ಫಾರೆಸ್ಟಿನ ಫ್ಲ್ಯಾಟ್ ಟಾಪ್ಸ್. ಆ ಸೀಮೆಗೆ 1901ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಬೆಟ್ಟದ ಸಿಂಹಗಳ ಬೇಟೆಗೆ ಬಂದಿದ್ದರು. ಅವರ ಜೊತೆ ಗೈಡು, ಕುದುರೆ, ಬೇಟೆನಾಯಿ ಎಲ್ಲ ಇದ್ದವು. ಎಲ್ಕಣ್ಣನ ಜೊತೆ ಇದ್ದದ್ದು ಭಾವಮೈದುನ. ಕಣಿವೆಯ ತಳದಲ್ಲಿ ಎಲ್ಕ್ ಬಿತ್ತು, ಇಬ್ಬರೂ ಅಪ್ಪಿಕೊಂಡರು, ಫೋಟೊ ತೆಗೆದರು. ಆಮೇಲೆ ಮೇಲೆ ನೋಡಿದರು. ಟ್ರಕ್ ಐದು ಮೈಲಿ ದೂರ, ಅದರಲ್ಲಿ ಮೊದಲ ಮೈಲಿ ಏಣಿಯಷ್ಟು ನೆಟ್ಟಗೆ. ಅದು ವನ್ಯಪ್ರದೇಶ ಕಾಯ್ದೆಯ ಜಾಗ, ಮೋಟಾರು ಹೋಗುವಂತಿಲ್ಲ, ಸೈಕಲ್ ಇಲ್ಲ, ಚಕ್ರವಿರುವ ಕೈಗಾಡಿಯೂ ಕೂಡದು. ತಿನ್ನಬಹುದಾದ ಮಾಂಸವನ್ನು ಬಿಟ್ಟು ಬಂದರೆ ಅಪರಾಧ. ಚರ್ಮ ಬಿಡಿಸಿ, ನಾಲ್ಕು ತೊಡೆ, ಬೆನ್ನಿನ ಪಟ್ಟಿಗಳನ್ನು ಬೇರ್ಪಡಿಸಿ, ಮೂಳೆ ತೆಗೆದ ಮೇಲೂ ಒಂದು ಕ್ವಿಂಟಾಲಿನ ಹತ್ತಿರ ಉಳಿಯಿತು. ಟೂತ್‌ಬ್ರಷ್ಷಿನ ಹಿಡಿ ಕತ್ತರಿಸಿ ಉಳಿಸಿದ ಗ್ರಾಮುಗಳು ಅವತ್ತು ಬಡ್ಡಿ ಸಮೇತ ಬೆನ್ನೇರಿದವು. ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ನಮ್ಮ ಮಲೆನಾಡಿನ ಹಳೇ ಶಿಕಾರಿಗಳಲ್ಲಾದರೆ ಈಡು ಕೇಳಿದ ಕೂಡಲೇ ಪಾಲಿಗಾಗಿ ಅರ್ಧ ಊರು ಓಡಿ ಬರುತ್ತಿತ್ತು. ಇಲ್ಲಿ ಓಡಿ ಬಂದದ್ದು ಕಾಗೆಗಳು.

ಸೋಮವಾರ ಎಲ್ಕಣ್ಣ ಆಫೀಸಿಗೆ ಬಂದದ್ದು ಊರುಗೋಲಿನ ಮೇಲೆ. ಅಭಿನಂದಿಸಿದರೆ ಮುಖ ಚಿಕ್ಕದು ಮಾಡಿಕೊಂಡ. ಆ ಗಂಡು ಅವನ ನಕ್ಷೆಯ ಯಾವ ಗುರುತಿನಲ್ಲೂ ಇರಲಿಲ್ಲವಂತೆ. ದಾರಿ ತಪ್ಪಿ, ಜಲಬಾಧೆಗೆಂದು ಮರದ ಮರೆಗೆ ಹೋದಾಗ ಎದುರಾದದ್ದಂತೆ. ಇದನ್ನು ಹೇಳಿದ್ದು ಭಾವಮೈದುನ. ಎಲ್ಕಣ್ಣ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ಎಲ್ಕ್ ಯಾಕೆ ಸಿಕ್ಕಿತು ಎಂಬುದಕ್ಕೆ ಗಾಳಿ, ಹಿಮ, ಇಳಿಜಾರು, ಚಂದ್ರ ಎಲ್ಲವೂ ಸೇರಿದ ಕಾರಣ ತಯಾರಾಗಿತ್ತು.

ಕಾಡುಪ್ರಾಣಿಯ ಮಾಂಸವನ್ನು ಇಲ್ಲಿ ಮಾರುವಂತಿಲ್ಲ. ಜಿಂಕೆ ಜಾತಿಗೆ ಬರುವ ಮೆದುಳಿನ ರೋಗ ಇಲ್ಲ ಎಂದು ಪರೀಕ್ಷೆಯ ವರದಿ ಬಂದದ್ದೇ ಎಲ್ಕಣ್ಣ ಹಂಚಲು ಶುರುಮಾಡಿದ. ಹೆಂಡತಿ ಅಷ್ಟರಲ್ಲಿ ಕೋವಿ, ಬೂಟು, ಟೆಂಟು, ಪೆಟ್ರೋಲು, ಏಣಿ ಎಲ್ಲ ಕೂಡಿಸಿ ಭಾಗಿಸಿ, ಒಂದು ಕೆಜಿಗೆ ಬಿದ್ದ ಬೆಲೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ನಮ್ಮ ಕನ್ನಡದವರ ಗುಂಪಿನಲ್ಲಿ ಬೆಳ್ಳುಳ್ಳಿಯನ್ನೂ ತಿನ್ನದ ಭಟ್ಟರಿಗೆ ಕೊಟ್ಟ ಪೊಟ್ಟಣ, ಅವರಿಗೆ ಬೇಡವೆನ್ನಲು ಬಾಯಿ ಬಾರದೆ, ಗ್ಯಾರೇಜಿನ ಮುಂದಿನ ಹಿಮದಲ್ಲಿ ಎರಡು ದಿನ ಕೂತು ನಮ್ಮ ಮನೆಗೆ ಬಂತು. ಮಂಗಳೂರಿನವರು ಸುಕ್ಕ ಮಾಡಿದರು, ಕೊಡಗಿನವರು ಕಾಚಂಪುಳಿ ಹಾಕಿದರು. ಎಲ್ಕಣ್ಣ ಎರಡನ್ನೂ ತಿಂದು, ಕಣ್ಣುಮೂಗಿನಲ್ಲಿ ನೀರು ಸುರಿಸುತ್ತ, ತನ್ನ ಜೀವನದಲ್ಲಿ ಎಲ್ಕ್‌ಗೆ ರುಚಿಯಿದೆ ಅಂತ ಗೊತ್ತಾದದ್ದು ಇವತ್ತೇ ಅಂದ.

ನಾಲ್ಕನೇ ಕಂತಿನ ಲೈಸೆನ್ಸ್ ಲಾಟರಿಗೆ ಅರ್ಜಿ ಹಾಕಲು ಏಪ್ರಿಲ್ ಮೊದಲ ಮಂಗಳವಾರ ಕಡೇ ದಿನ. ಅವನು ಮಾರ್ಚಿನಲ್ಲೇ ಹಾಕಿದ. ಮೊಣಕಾಲಿಗೆ ಆಪರೇಷನ್ ಆಗಲೇಬೇಕಂತೆ, ಆಸ್ಪತ್ರೆಯಲ್ಲಿ ಖಾಲಿ ಇದ್ದದ್ದು ನವೆಂಬರ್ ಮೂರನೇ ವಾರ. ಮುಂದಕ್ಕೆ ಹಾಕಿಸಲು ಹೆದರುತ್ತಲೇ ಫೋನ್ ಮಾಡಿದ. ಡಾಕ್ಟರು ತಕ್ಷಣ ಒಪ್ಪಿದರಂತೆ. ಅವರೂ ಅದೇ ವಾರಕ್ಕೆ ಅರ್ಜಿ ಹಾಕಿದ್ದರು.