ದೀಪ ಆರಿದರೆ ಸಾಕು, ಟೈರ್ ಆಮೇಲೆ

ಕಾರಿನ ಮೀಟರ್ ಬೋರ್ಡಿನಲ್ಲಿ ಟೈರಿನ ಹಳದಿ ದೀಪ ಹತ್ತಿದೆ ಎಂದು ಪಾವಗಡದಿಂದ ಶಿರಾವರೆಗೆ ಯಾರಿಗಾದರೂ ಹೇಳಿ ನೋಡಿ. ಒಬ್ಬರೂ ಬಗ್ಗಿ ಟೈರ್ ನೋಡುವುದಿಲ್ಲ. ಎಲ್ಲರೂ ದೀಪವನ್ನೇ ನೋಡುತ್ತಾರೆ. ಅದನ್ನು ಆರಿಸುವ ಉಪಾಯ ಎಲ್ಲರ ಹತ್ತಿರವೂ ಇದೆ.

ಬ್ಯಾಟರಿ ವೈರ್ ಕಿತ್ತು ಮತ್ತೆ ಸಿಕ್ಕಿಸಿ ಅನ್ನುತ್ತಾರೆ ಒಬ್ಬರು. ಫ್ಯೂಸ್ ತೆಗೀರಿ ಅನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ಅನುಭವಸ್ಥರು. "ಒಂದು ಚೂರು ಕರಿ ಟೇಪ್ ಅಂಟಿಸಿಬಿಡಣ್ಣ, ಏನಾಗಲ್ಲ." ಪಾವಗಡದ ಕಡೆ ಇದೇ ಭರವಸೆಯನ್ನು ತೆಲುಗಿನಲ್ಲೂ ಕೊಡುತ್ತಾರೆ. ಟೈರಿಗೆ ಎರಡು ಭಾಷೆಯೂ ಬರುವುದಿಲ್ಲ.

ನನ್ನದು ಹಳೇ ಕಾರು. ಎರಡನೇ ಕೈ. "ಟಾಪ್ ಎಂಡ್ ಸಾರ್" ಎಂದು ಹೇಳಿಯೇ ನನಗೆ ದಾಟಿಸಿದರು. ಟಾಪ್ ಎಂಡ್ ಅಂದರೆ ಕೆಡಬಹುದಾದ ಸಾಮಾನು ಜಾಸ್ತಿ ಇರುವ ಗಾಡಿ ಎಂದು ನಮ್ಮೂರು ಬಲಸಮುದ್ರಕ್ಕೆ ತಂದ ಮೇಲೆ ತಿಳಿಯಿತು.

ದೀಪದ್ದು ಸರಳ ವ್ಯಾಕರಣ. ಅಡ್ಡಕ್ಕೆ ಸೀಳಿದ ಟೈರಿನ ಚಿತ್ರ, ನಡುವೆ ಆಶ್ಚರ್ಯಸೂಚಕ. ಬಹಳಷ್ಟು ಕಾರುಗಳಲ್ಲಿ ಅದು ಸುಮ್ಮನೆ ಉರಿದರೆ ಯಾವುದೋ ಟೈರಿನಲ್ಲಿ ಗಾಳಿ ಕಡಿಮೆ. ಗಾಡಿ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷ ಮಿಣುಕಿ ಆಮೇಲೆ ನಿಂತು ಉರಿದರೆ ಕೆಟ್ಟಿರುವುದು ಎಚ್ಚರಿಸುವ ವ್ಯವಸ್ಥೆಯೇ. ನನ್ನದು ಈ ಎರಡನೆಯ ಜಾತಿ. ಇನ್ನು ಮುಂದೆ ನಿನ್ನನ್ನು ಎಚ್ಚರಿಸಲಾರೆ ಎಂದು ಅದು ದಿನವೂ ಎಚ್ಚರಿಸುತ್ತದೆ. ಕನಿಷ್ಠ ಅಷ್ಟು ಪ್ರಾಮಾಣಿಕತೆಯಾದರೂ ಅದಕ್ಕಿದೆ.

ಕಾರಣವೂ ಸರಳ. ಒಂದೊಂದು ಚಕ್ರದ ಒಳಗೆ, ವಾಲ್ವಿನ ಬುಡದಲ್ಲಿ, ಒಂದು ಸೆನ್ಸರ್. ಅದರ ಹೊಟ್ಟೆಯಲ್ಲಿ ಗುಂಡಿಯಷ್ಟು ಬ್ಯಾಟರಿ. ಐದರಿಂದ ಹತ್ತು ವರ್ಷ ಬದುಕುತ್ತದೆ. ಸತ್ತ ಮೇಲೆ ಬ್ಯಾಟರಿ ಮಾತ್ರ ಬದಲಾಯಿಸೋಣ ಅಂದರೆ ಆಗದು, ಅಂಟು ಸುರಿದು ಮುಚ್ಚಿರುತ್ತಾರೆ. ಇಡೀ ಸೆನ್ಸರ್ ಕೊಳ್ಳಬೇಕು. ಟೈರ್ ಬಿಚ್ಚಿಸಬೇಕು. ಹೊಸಬನ ಗುರುತನ್ನು ಕಾರಿನ ಕಂಪ್ಯೂಟರಿಗೆ ಹೇಳಿಕೊಡಬೇಕು. ಹೇಳಿಕೊಡುವ ಸ್ಕ್ಯಾನರ್ ನಮ್ಮ ಪಂಕ್ಚರ್ ಅಂಗಡಿಯಲ್ಲಿಲ್ಲ. ನೂರು ಕಿಲೋಮೀಟರ್ ದಾಟಿ ಹೋಗಬೇಕು. ಅಲ್ಲಿ ಟೈ ಕಟ್ಟಿದ ಹುಡುಗ ಹೇಳುತ್ತಾನೆ: "ನಾಲ್ಕೂ ಚೇಂಜ್ ಮಾಡಿಸಿಬಿಡಿ ಸಾರ್. ಒಂದು ಹೋಗಿದೆ ಅಂದ್ರೆ ಉಳಿದವೂ ಹೋಗ್ತವೆ." ಇದೇ ತರ್ಕವನ್ನು ಅವನು ಗಾಡಿಯ ಮಾಲೀಕನಿಗೆ ಅನ್ವಯಿಸಲಿಲ್ಲ. ಪುಣ್ಯ.

ಇಷ್ಟು ಕಾಟ ಕೊಡುವ ದೀಪವನ್ನು ಕಡ್ಡಾಯ ಮಾಡಿದ್ದೇಕೆ? ಅದರ ಹಿಂದಿರುವುದು ಹೆಣಗಳು. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳು ಓಡುತ್ತಿರುವಾಗಲೇ ಪದರ ಕಿತ್ತು ಬಂದವು. ಗಾಡಿಗಳು ಪಲ್ಟಿ ಹೊಡೆದವು. 200ಕ್ಕೂ ಹೆಚ್ಚು ಜನ ಸತ್ತರು. 2000ದಲ್ಲಿ 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿದರು. ತಪ್ಪು ಟೈರಿನದು ಅಂದಿತು ಕಾರಿನ ಕಂಪನಿ. ತಪ್ಪು ಕಾರಿನದು, ಜೊತೆಗೆ ನೀವು ಹೇಳಿದ ಗಾಳಿ ಕಮ್ಮಿ ಅಂದಿತು ಟೈರಿನ ಕಂಪನಿ. ಫೋರ್ಡ್ 26 ಪಾಯಿಂಟ್ ಸಾಕು ಅಂದಿತ್ತು, ಫೈರ್‌ಸ್ಟೋನ್ ಆಮೇಲೆ 30 ಇರಲಿ ಅಂದಿತು. ನಾಲ್ಕು ಪಾಯಿಂಟ್ ಗಾಳಿಗೆ ಎರಡು ಮಹಾ ಕಂಪನಿಗಳು ಸುಮಾರು ನೂರು ವರ್ಷದ ನಂಟನ್ನೇ ಕಡಿದುಕೊಂಡವು. 2000ದ ನವೆಂಬರಿನಲ್ಲೇ ಕಾನೂನು ಬಂತು. 2007ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿನ ಪ್ರತಿ ಹೊಸ ಕಾರಿಗೂ ಈ ದೀಪ ಕಡ್ಡಾಯ.

ದೀಪ ಬಂದದ್ದರಿಂದ ಒಂದು ಅನುಕೂಲವಾಯಿತು. ಇನ್ನು ಮುಂದೆ ಟೈರ್ ಸಿಡಿದರೆ ತಪ್ಪು ಕಾರಿನದೂ ಅಲ್ಲ, ಟೈರಿನದೂ ಅಲ್ಲ. ದೀಪ ಹತ್ತಿತ್ತಲ್ಲ, ನೋಡಲಿಲ್ಲವಾ?

ಅದೂ ಯಾವಾಗ ಹತ್ತುತ್ತದೆ? ಆ ಕಾನೂನಿನ ಪ್ರಕಾರ ಗಾಳಿ ಇರಬೇಕಾದ್ದಕ್ಕಿಂತ ಕಾಲು ಭಾಗ ಇಳಿದ ಮೇಲೆ. 32 ಇರಬೇಕಾದ ಕಡೆ 24ಕ್ಕೆ ಇಳಿಯುವವರೆಗೆ ಅದು ಬಾಯಿ ಬಿಡಬೇಕಾಗಿಲ್ಲ. ದೀಪ ಹತ್ತಿಲ್ಲ, ಆದ್ದರಿಂದ ಟೈರ್ ಸರಿಯಿದೆ ಎಂದು ನಂಬಿ ಹೊರಡುವವರಿಗೆ ನಮಸ್ಕಾರ.

ನಮ್ಮ ಸರ್ಕಾರ ಸುಮ್ಮನಿರುತ್ತದೆಯೇ? 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಯಮ ತಿದ್ದಿತು. ಮೂರೂವರೆ ಟನ್ ಒಳಗಿನ ಗಾಡಿಗೆ ಟ್ಯೂಬ್‌ಲೆಸ್ ಟೈರ್, ಈ ದೀಪ, ಒಂದು ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಬೇಕಿಲ್ಲ. ಅಕ್ಟೋಬರ್ 1ರಿಂದ ಜಾರಿ. ಸ್ಟೆಪ್ನಿಯ ಜಾಗ ಉಳಿಯುತ್ತದೆ, ಎಲೆಕ್ಟ್ರಿಕ್ ಗಾಡಿಗೆ ದೊಡ್ಡ ಬ್ಯಾಟರಿ ಇಡಬಹುದು ಎಂದು ವಿವರಣೆಯನ್ನೂ ಕೊಟ್ಟರು.

ಚೆನ್ನಾಗಿದೆ. ಐದನೇ ಚಕ್ರ ತೆಗೆದುಕೊಂಡು ಕೈಗೊಂದು ದೀಪ ಕೊಟ್ಟರು.

ಆ ಕಿಟ್ಟಿನಲ್ಲಿರುವುದು ಒಂದು ಬಾಟಲಿ ಅಂಟು, ಒಂದು ಪುಟ್ಟ ಪಂಪು. ಮೊಳೆ ಚುಚ್ಚಿದ ತೂತಿಗೆ ಅದು ಸಾಕು. ಗುಂಡಿಯ ಅಂಚಿಗೆ ಬಡಿದು ಟೈರಿನ ಕೆನ್ನೆ ಸೀಳಿದರೆ ಸಾಲದು. ನಮ್ಮ ಕಡೆ ಟೈರ್ ಹಾಳಾಗುವುದು ಯಾವುದರಿಂದ ಎಂದು ದೆಹಲಿಯವರು ಒಮ್ಮೆ ಬಂದು ಕೇಳಬಹುದಿತ್ತು. ಒಂದು, ಗುಂಡಿ. ಎರಡು, ರಸ್ತೆಗೆ ಚಾಚಿದ ಸೀಮೆಜಾಲಿ. ಅದರ ಮುಳ್ಳಿಗೆ ಟ್ಯೂಬ್ ಇದ್ದರೇನು, ಇಲ್ಲದಿದ್ದರೇನು? ರಾತ್ರಿ ಹೊತ್ತು ಮಧುಗಿರಿ–ಪಾವಗಡದ ನಡುವೆ ಟೈರ್ ಸೀಳಿ ನಿಂತವನು ದೀಪ ನೋಡುತ್ತ ಕೂತಿರಬೇಕು. ಕತ್ತಲಲ್ಲಿ ಅದೊಂದು ಉಪಯೋಗ ಇದ್ದೇ ಇದೆ.

ಗಾಳಿಯಾದರೂ ಸರಿಯಾಗಿ ಸಿಗುತ್ತದೆಯೇ? ಪೆಟ್ರೋಲ್ ಬಂಕಿನಲ್ಲಿ ಗಾಳಿ ಪುಕ್ಕಟೆ ಕೊಡಬೇಕು ಎಂಬುದು ನಿಯಮ. ನಿಯಮ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿದೆ. ಕೆಳಗೆ ಮೆಷಿನ್ನಿಗೆ ಗೋಣಿಚೀಲ ಹೊದಿಸಿದೆ. ಮೆಷಿನ್ ಸರಿಯಿದ್ದರೆ ಹುಡುಗ ಊಟಕ್ಕೆ ಹೋಗಿದ್ದಾನೆ. ಹುಡುಗ ಇದ್ದರೆ ಅವನಿಗೆ ಒಂದೇ ನಂಬರ್ ಗೊತ್ತು, 35. ಆಲ್ಟೋಗೂ 35, ಇನ್ನೋವಾಗೂ 35. ಎಷ್ಟು ಹಾಕಬೇಕು ಎಂದು ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಕಂಪನಿಯವರೇ ಚೀಟಿ ಅಂಟಿಸಿರುತ್ತಾರೆ. ಅದನ್ನು ಓದಿದರೆ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾನೆ.

ಇನ್ನೊಂದು ತಮಾಷೆ ಬೇಸಿಗೆಯದು. ಏಪ್ರಿಲ್ ಮಧ್ಯಾಹ್ನ, ಕಾದ ಡಾಂಬರಿನ ಮೇಲೆ ಓಡಿಸಿಕೊಂಡು ಬಂದು ಗಾಳಿ ನೋಡಿಸುತ್ತೀರಿ. ಬಿಸಿಗೆ ಹಿಗ್ಗಿದ ಗಾಳಿ ಸಹಜವಾಗಿ ನಾಲ್ಕು ಪಾಯಿಂಟ್ ಜಾಸ್ತಿ ತೋರಿಸುತ್ತದೆ. "ಓವರ್ ಆಗಿದೆ ಸಾರ್" ಎಂದು ಹುಡುಗ ಉಸ್ಸೆಂದು ಬಿಡುತ್ತಾನೆ. ರಾತ್ರಿ ತಣ್ಣಗಾಗಿ, ಬೆಳಗ್ಗೆ ಗಾಳಿ ಬೇಕಾದ್ದಕ್ಕಿಂತ ಕೆಳಗೆ. ಟೈರ್ ತಣ್ಣಗಿರುವಾಗ ನೋಡಬೇಕು ಎಂದು ಹೇಳಿದರೆ ಅವನ ಉತ್ತರ ಸಿದ್ಧ: "ನೈಟ್ರೋಜನ್ ಹಾಕಿಸಿ ಸಾರ್." ನಾವು ಉಸಿರಾಡುವ ಗಾಳಿಯಲ್ಲಿ ಅದು ಮೊದಲೇ 78 ಪಾಲು ಇದೆ. ಉಳಿದ 22 ಪಾಲಿಗೆ ದುಡ್ಡು. ನಿಯಮದಲ್ಲಿ ಪುಕ್ಕಟೆ ಎಂದಿರುವ ಗಾಳಿಯ ಮೆಷಿನ್ ಕೆಡುತ್ತದೆ, ದುಡ್ಡು ತೆಗೆದುಕೊಳ್ಳುವ ಗಾಳಿಯದು ಕೆಡುವುದೇ ಇಲ್ಲ. ಯಾವ ಎಂಜಿನಿಯರ್ ಅದನ್ನು ಮಾಡಿದನೋ ಅವನಿಗೊಂದು ಪ್ರಶಸ್ತಿ ಕೊಡಬೇಕು.

ಹಾಗಂತ ನಾವು ಟೈರನ್ನು ನೋಡುವುದೇ ಇಲ್ಲ ಎಂದಲ್ಲ. ನೋಡುತ್ತೇವೆ. ಹೊಸ ಗಾಡಿಯನ್ನು ಪಾವಗಡದ ಶನಿಮಹಾತ್ಮನ ಮುಂದೆಯೋ ಗೊರವನಹಳ್ಳಿ ಲಕ್ಷ್ಮಿಯ ಮುಂದೆಯೋ ನಿಲ್ಲಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡುವಾಗ ಬಗ್ಗುತ್ತೇವೆ. ಮತ್ತೆ ಬಗ್ಗುವುದು ಆಯುಧಪೂಜೆಗೆ.

ಸಾರಿಗೆ ಇಲಾಖೆಯವರು ಅಷ್ಟೂ ಬಗ್ಗುವುದಿಲ್ಲ. ಹದಿನೈದು ವರ್ಷದ ಕಾರು ಅಪಾಯ ಎಂಬುದು ಅವರ ಖಚಿತ ಅಭಿಪ್ರಾಯ. ಅದಕ್ಕೆ ಅವರು ಕಂಡುಕೊಂಡ ಔಷಧಿ ಶುಲ್ಕ. 600 ರೂಪಾಯಿ ಇದ್ದ ಮರುನೋಂದಣಿಯನ್ನು 2022ರ ಏಪ್ರಿಲ್‌ನಿಂದ 5,000 ಮಾಡಿದರು. ಐದು ಸಾವಿರ ಕಟ್ಟಿದ ಕೂಡಲೇ ಕಾರಿಗೆ ಯೌವನ ಬರುತ್ತದೆ. ಹಳೇ ನಂಬರ್ ಪ್ಲೇಟಿನ ಬಗ್ಗೆ ಎಷ್ಟು ಕಾಳಜಿ! ಹೊಸ ಪ್ಲೇಟ್ ಹಾಕಿಸಿ ಎಂದು 2023ರಿಂದ ಗಡುವಿನ ಮೇಲೆ ಗಡುವು ಕೊಟ್ಟರು. ಟೈರಿನ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದು ಎಂದೂ ವಾಹನ ನಿಯಮಾವಳಿಯಲ್ಲಿದೆ. ಅದಕ್ಕೆ ಗಡುವು ಕೊಟ್ಟದ್ದನ್ನು, ರಸ್ತೆಬದಿ ಸ್ಕೇಲ್ ಹಿಡಿದು ಬಗ್ಗಿದ ಖಾಕಿಯನ್ನು ನೀವು ಕಂಡಿದ್ದರೆ ನನಗೂ ತೋರಿಸಿ.

ಎಮಿಷನ್ ಚೀಟಿ ಎಲ್ಲಿ? ಇನ್ಶೂರೆನ್ಸ್ ಎಲ್ಲಿ? ಕಾಗದ ಸರಿಯಿದ್ದರೆ ಹೊರಡಿ. ನನ್ನ ಕಾರನ್ನು ಹೀಗೆ ಅಡ್ಡಹಾಕಿ ನಿಲ್ಲಿಸಿದ ಹೊತ್ತಿಗೇ ಪಕ್ಕದಲ್ಲಿ ಕಬ್ಬಿಣ ತುಂಬಿದ ಟ್ರ್ಯಾಕ್ಟರ್ ಹಾದುಹೋಯಿತು. ಟ್ರೈಲರಿಗೆ ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ, ನಂಬರ್ ಇಲ್ಲ. ನನ್ನ ಗಾಡಿಯಲ್ಲಿ ಒಂದು ದೀಪ ಹೆಚ್ಚಾಗಿತ್ತು, ನಿಂತೆ. ಅದರಲ್ಲಿ ಒಂದೂ ಇರಲಿಲ್ಲ, ಹೋಯಿತು.

ನಗುವ ವಿಷಯ ಇಲ್ಲಿಗೆ ಮುಗಿಯಿತು. 2022ರ ಮಾರ್ಚ್ 19. ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆ ಬಳಿ ಉರುಳಿತು. ಒಳಗೆ ಜಾಗವಿಲ್ಲದೆ ಟಾಪ್ ಮೇಲೆ ಕೂತಿದ್ದರು. ಶಾಲೆ ಕಾಲೇಜಿಗೆ ಹೊರಟ ಮಕ್ಕಳು ಸತ್ತರು. ಟಾಪ್ ಮೇಲೆ ಮಕ್ಕಳು ಕೂತ ಬಸ್ಸಿಗೆ ಮೀಟರ್ ಬೋರ್ಡಿನಲ್ಲಿ ಯಾವ ದೀಪ ಬೇಕಿತ್ತು? ಅಪಾಯ ಹಾಡಹಗಲೇ ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ಆಮೇಲೆ ಮಂತ್ರಿಗಳು ಬಂದರು, ಪರಿಹಾರ ಬಂತು, ತನಿಖೆ ಬಂತು. ಬರಬೇಕಾಗಿದ್ದದ್ದು ಇನ್ನೊಂದು ಬಸ್ಸು.

ದೀಪ ಹತ್ತಿಸಿಟ್ಟು ಮರೆಯುವುದರಲ್ಲಿ ನಮ್ಮ ತಾಲ್ಲೂಕುಗಳ ಅನುಭವ ದೊಡ್ಡದು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಪಟ್ಟಿ ಕೊಟ್ಟಿತು. ಪಾವಗಡ, ಮಧುಗಿರಿ, ಶಿರಾ ಮೂರೂ ಅದರಲ್ಲಿದ್ದವು. ಇಪ್ಪತ್ತು ವರ್ಷ ದಾಟಿದರೂ ಅದೇ ಪಟ್ಟಿಯನ್ನು ಭಾಷಣದಲ್ಲಿ ಓದುತ್ತಾರೆ. 2024ರಲ್ಲಿ ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಮಾಡಿದರು. ಸ್ಕ್ಯಾನರ್ ಹೊಸದು. ಟೈರ್ ಅದೇ.

ಈ ನಡುವೆ ಬಲಸಮುದ್ರವೂ ಸೇರಿ ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ 13,000 ಎಕರೆಗೆ ಸೋಲಾರ್ ಹಲಗೆ ಹಾಸಿದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆಯಿಂದ ಶುರು. 2,050 ಮೆಗಾವ್ಯಾಟ್. 2018ರಲ್ಲಿ ಉದ್ಘಾಟನೆಗೆ ಬಂದವರೆಲ್ಲ ಊರು ಬೆಳಗಿತು ಅಂದರು. ಕರೆಂಟು ಗ್ರಿಡ್ ಹತ್ತಿ ಹೋಯಿತು. ಭೂಮಿ ಇದ್ದವನಿಗೆ ಬಾಡಿಗೆ ಬರುತ್ತದೆ. ಅದೇ ಭೂಮಿಯಲ್ಲಿ ಕೂಲಿ ಮಾಡಿ ಉಣ್ಣುತ್ತಿದ್ದವನಿಗೆ? ಅವನ ಹೆಸರು ಯಾವ ಕರಾರು ಪತ್ರದಲ್ಲೂ ಇಲ್ಲ.

ಟೈರಿನ ದೀಪಕ್ಕೆ ಇನ್ನೊಂದು ಬಗೆಯೂ ಇದೆ, ಅದನ್ನು ಹೇಳಲೇಬೇಕು. ಕೆಲವು ಕಾರಿನ ಚಕ್ರದಲ್ಲಿ ಸೆನ್ಸರೇ ಇರುವುದಿಲ್ಲ. ಗಾಳಿ ಇಳಿದ ಟೈರಿನ ಸುತ್ತಳತೆ ಕಡಿಮೆ, ಹಾಗಾಗಿ ಅದು ಉಳಿದವಕ್ಕಿಂತ ಜೋರಾಗಿ ತಿರುಗುತ್ತದೆ. ಬ್ರೇಕಿನ ಕಂಪ್ಯೂಟರ್ ಆ ವ್ಯತ್ಯಾಸ ಹಿಡಿದು ದೀಪ ಹತ್ತಿಸುತ್ತದೆ. ನಾಲ್ಕೂ ಟೈರ್ ಒಟ್ಟಿಗೆ ಒಂದೇ ಸಮ ಇಳಿದರೆ ಹಲವು ಕಾರುಗಳಲ್ಲಿ ಅದಕ್ಕೆ ಗೊತ್ತೇ ಆಗುವುದಿಲ್ಲ. ಎಲ್ಲರೂ ಸಮಾನರು, ಆದ್ದರಿಂದ ಎಲ್ಲ ಸರಿಯಿದೆ. ಇದರಲ್ಲಿ ರೀಸೆಟ್ ಎಂಬ ಗುಂಡಿ ಇರುತ್ತದೆ. ಗಾಳಿ ಸರಿಮಾಡಿ ಆಮೇಲೆ ಒತ್ತಬೇಕು. ನಮ್ಮವರು ಗಾಳಿ ಹಾಕಿಸದೆ ಒತ್ತುತ್ತಾರೆ. ಕಾರು ಪಾಪ, ಇಳಿದ ಗಾಳಿಯನ್ನೇ ಸರಿಯಾದ ಗಾಳಿ ಎಂದು ಕಲಿತುಕೊಂಡು ಸುಮ್ಮನಾಗುತ್ತದೆ. ಬರದ ಮಾನದಂಡ ತಿದ್ದುವವರು, ಬಡತನದ ಗೆರೆ ಎಳೆಯುವವರು ಈ ಕಾರನ್ನು ಒಮ್ಮೆ ಓಡಿಸಿ ನೋಡಬೇಕು. ಕಲಿಯಲು ಅವರಿಗೇನೂ ಇರಲಾರದು, ಆದರೂ.

ಸಾಕಾಗಿ ಕಾರು ಮಾರೋಣ ಎಂದು ಶಿರಾದ ಬ್ರೋಕರ್ ಒಬ್ಬನಿಗೆ ತೋರಿಸಿದೆ. ಸುತ್ತ ಒಂದು ಸುತ್ತು ಬಂದ. ಒಳಗೆ ಕೂತು ಕೀ ತಿರುಗಿಸಿದ. ಹಳದಿ ದೀಪ ಕಂಡು ಮುಖ ಸಣ್ಣ ಮಾಡಿದ.

"ಇದೊಂದು ಆಫ್ ಮಾಡಿಸಿ ಸಾರ್. ನಮ್ಮ ಹುಡುಗ ಇದಾನೆ, ಮೀಟರ್ ಬಿಚ್ಚಿ ಕಟ್ ಮಾಡಿಕೊಡ್ತಾನೆ. ಹತ್ತು ಸಾವಿರ ಜಾಸ್ತಿ ಮಾತಾಡಬಹುದು."

ಟೈರ್ ಸವೆದಿವೆಯಲ್ಲಪ್ಪ, ಅವನ್ನು ಹೊಸದು ಹಾಕಿಸಿದರೆ ಎಷ್ಟು ಜಾಸ್ತಿ ಸಿಗುತ್ತೆ ಎಂದು ಕೇಳಿದೆ.

"ಅದಕ್ಕೇನೂ ಸಿಗಲ್ಲ ಸಾರ್. ಸುಮ್ನೆ ಯಾಕೆ ಖರ್ಚು? ಕರಿ ಪಾಲಿಶ್ ಹೊಡೆಸ್ತೀನಿ ಬಿಡಿ."